ಒಳಗೆ ಬರುವ ಬಾಗಿಲು

ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಹಿಂದಿನದು ಒಳಗೆ ಬರುವುದಕ್ಕೆ, ಮುಂದಿನದು ಹೊರಗೆ ಹೋಗುವುದಕ್ಕೆ. ಇದು ಅನುಕೂಲದ ಮಾತಲ್ಲ, ಕಾನೂನು. ಕೊಡಿಯಾಲ್‌ಬೈಲಿನ ಇಳಿಜಾರಿನಲ್ಲಿ ಕಟ್ಟಿದ ಹಂಚಿನ ಮನೆ ಅದು. ಹಿಂಬದಿ ಎತ್ತರದಲ್ಲಿ, ಮುಂಬದಿ ತಗ್ಗಿನಲ್ಲಿ. ಹಿಂದಿನ ಓಣಿಯಿಂದ ಬಾವಿಕಟ್ಟೆಗೆ ಬಂದು, ಕೈಕಾಲು ತೊಳೆದು ಅಡುಗೆಮನೆ ಹೊಕ್ಕರೆ ಅಲ್ಲಿಂದ ಊಟದ ಕೋಣೆ, ಅಲ್ಲಿಂದ ಮಲಗುವ ಕೋಣೆ, ಅಲ್ಲಿಂದ ಚಾವಡಿ, ಚಾವಡಿಯಿಂದ ಜಗಲಿ. ಅಷ್ಟೇ ದಾರಿ. ಜಗಲಿ ತಲುಪಿದವರು, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ, ಬಂದ ದಾರಿಯಲ್ಲಿ ಹಿಂದೆ ಹೋಗುವಂತಿಲ್ಲ. ಅಂಗಳಕ್ಕಿಳಿದು, ಮನೆಯ ಪಕ್ಕದ ಮುರಕಲ್ಲಿನ ಮೆಟ್ಟಿಲುಗಳನ್ನು ಹತ್ತಿ, ಪುನಃ ಬಾವಿಕಟ್ಟೆಗೆ ಬಂದು ಒಳಗೆ ಹೋಗಬೇಕು. ಒಳಗಿನ ಬಾಗಿಲುಗಳಿಗೆಲ್ಲ ಪಪ್ಪ ಸ್ಪ್ರಿಂಗ್ ಹಾಕಿಸಿದ್ದರು. ತಳ್ಳಿದರೆ ಮುಂದಕ್ಕೆ ತೆರೆಯುತ್ತಿದ್ದವು, ದಾಟಿದ ಮೇಲೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಆಚೆ ಬದಿಯಲ್ಲಿ ಹಿಡಿಕೆ ಇರಲಿಲ್ಲ.

ಪಪ್ಪ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮಾಸ್ಟ್ರು. ಮನುಷ್ಯನ ಹೃದಯ ಅವರ ಮೆಚ್ಚಿನ ಪಾಠ. ಕರಿಹಲಗೆಯ ಮೇಲೆ ಎರಡೂ ಕೈಗಳಲ್ಲಿ ಒಟ್ಟಿಗೆ, ಬಲಗೈಯಲ್ಲಿ ಒಂದು ಬದಿ ಎಡಗೈಯಲ್ಲಿ ಇನ್ನೊಂದು ಬದಿ, ಅವರು ಅದನ್ನು ಬರೆಯುವುದನ್ನು ನೋಡಲು ಬೇರೆ ತರಗತಿಯ ಮಕ್ಕಳು ಕಿಟಕಿಯಲ್ಲಿ ನಿಲ್ಲುತ್ತಿದ್ದರಂತೆ. ನಾಲ್ಕು ಕೋಣೆಗಳು, ಮೇಲಿನವು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ನಡುವೆ ಕವಾಟಗಳು. ರಕ್ತ ಒಂದೇ ದಿಕ್ಕಿಗೆ ಹರಿಯುತ್ತದೆ, ಒಂದು ಹನಿಯೂ ಹಿಂದೆ ಬರುವುದಿಲ್ಲ, ಅದರಿಂದಲೇ ನಾವು ಬದುಕಿದ್ದೇವೆ. ನಾಲ್ಕು ಕೋಣೆಗಳ ಬಾಡಿಗೆ ಮನೆ ಸಿಕ್ಕಿದಾಗ ಅವರಿಗೆ ಇದೇ ನೆನಪಾಗಿರಬೇಕು. ಕೋಣೆಗಳು ಎರಡರ ಮೇಲೆ ಎರಡಾಗಿ ಇರದೆ ಒಂದರ ಹಿಂದೆ ಒಂದು ಇದ್ದವೆಂದು ಮಾತ್ರ ಅವರಿಗೆ ಬೇಸರವಿತ್ತು. "ಕಟ್ಟಿದವನಿಗೆ ಜೀವಶಾಸ್ತ್ರ ಗೊತ್ತಿರಲಿಲ್ಲ" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಸಂಜೆ ಏಳಕ್ಕೆ ಚಾವಡಿಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಮುಂದೆ ಮೊಣಕಾಲೂರಿ ಜಪಸರದ ಪ್ರಾರ್ಥನೆ. ನಮ್ಮ ಕೊಂಕಣಿಯಲ್ಲಿ ಅದು ತೇರ್ಸ್. ಪಟದಲ್ಲಿ ಹೃದಯವನ್ನು ಎದೆಯ ನಟ್ಟನಡುವೆ, ಉರಿಯುವ ಹಾಗೆ ಬರೆದಿದ್ದರು. ಅದು ಸ್ವಲ್ಪ ಎಡಕ್ಕೆ ವಾಲಿರಬೇಕಿತ್ತು ಎಂದು ಪಪ್ಪ ಒಮ್ಮೆ ಪಾದ್ರಿಗಳ ಎದುರೇ ಹೇಳಿದ್ದರು. ತೇರ್ಸ್ ಮುಗಿದ ಕೂಡಲೇ, ಎದ್ದು ನಿಂತು, ಪಾಠ ಒಪ್ಪಿಸಬೇಕು. ಮನೆಯ ಮಾತು ಕೊಂಕಣಿಯಾದರೂ ಪಾಠ ಮಾತ್ರ ಶಾಲೆಯ ಕನ್ನಡದಲ್ಲಿ. ಅಣ್ಣ ವಿಲ್ಲಿ ಅರ್ಧ, ನಾನು ಅರ್ಧ.

"ಮಹಾಸಿರೆಗಳಿಂದ ಬಲ ಹೃತ್ಕರ್ಣಕ್ಕೆ, ತ್ರಿದಳ ಕವಾಟದ ಮೂಲಕ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಗಳಿಗೆ."

"ನಿಲ್ಲು. ಗ್ರೇಸಿ, ಮುಂದೆ."

"ಶ್ವಾಸಕೋಶಗಳಲ್ಲಿ ಶುದ್ಧವಾಗಿ ಎಡ ಹೃತ್ಕರ್ಣಕ್ಕೆ, ದ್ವಿದಳ ಕವಾಟದ ಮೂಲಕ ಎಡ ಹೃತ್ಕುಕ್ಷಿಗೆ, ಅಲ್ಲಿಂದ ಮಹಾಪಧಮನಿಗೆ, ಮಹಾಪಧಮನಿಯಿಂದ ಇಡೀ ದೇಹಕ್ಕೆ."

ತಪ್ಪಿದರೆ ಮೊದಲಿನಿಂದ. ಸರಿಯಾದರೆ ಊಟ. ಊಟದ ಕೋಣೆ ಮಲಗುವ ಕೋಣೆಯಾಚೆಗೇ ಇತ್ತು, ಮೀನಿನ ಸಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೂ ನಾವು ಸಾಲಾಗಿ ಜಗಲಿಗೆ ಹೋಗಿ, ಅಂಗಳಕ್ಕಿಳಿದು, ಮಳೆಗಾಲವಾದರೆ ಕೊಡೆ ಹಿಡಿದು, ಮೆಟ್ಟಿಲು ಹತ್ತಿ, ಬಾವಿಕಟ್ಟೆಯಲ್ಲಿ ಕಾಲು ತೊಳೆದು ಊಟಕ್ಕೆ ಬರುತ್ತಿದ್ದೆವು. ಪಪ್ಪನೂ ಹಾಗೇ ಬರುತ್ತಿದ್ದರು, ಅದನ್ನು ಹೇಳಲೇಬೇಕು. ತಾವು ಮಾಡಿದ ನಿಯಮವನ್ನು ತಾವೇ ಮುರಿಯುವವರಾಗಿದ್ದರೆ ಅವರನ್ನು ದ್ವೇಷಿಸುವುದು ನನಗೆ ಸುಲಭವಾಗುತ್ತಿತ್ತು. ಕೊನೆಗೆ ಬರುತ್ತಿದ್ದವಳು ಅಮ್ಮ. ಮೆಟ್ಟಿಲುಗಳ ನಡುವೆ ಒಮ್ಮೆ, ಮೇಲೆ ತಲುಪಿದ ಮೇಲೆ ಇನ್ನೊಮ್ಮೆ ಗೋಡೆಗೆ ಕೈಕೊಟ್ಟು ನಿಲ್ಲುತ್ತಿದ್ದಳು. ಪಪ್ಪ ಬಟ್ಟಲಿನ ಮುಂದೆ ಕುಳಿತು ಕಾಯುತ್ತಿದ್ದರು.

"ಎಮಿಲಿ, ಸೋಮಾರಿ ರಕ್ತ ನಿನ್ನದು."

ಅಮ್ಮ ಉತ್ತರ ಕೊಡುತ್ತಿರಲಿಲ್ಲ. ಅವಳಿಗೆ ಆಗ ಮಾತಾಡುವಷ್ಟು ಉಸಿರಿರುತ್ತಿರಲಿಲ್ಲ. ಆದರೆ ನಾವದನ್ನು ತಾಳ್ಮೆ ಎಂದುಕೊಂಡಿದ್ದೆವು. ಅಮ್ಮನ ವಿಷಯದಲ್ಲಿ ಎಲ್ಲವೂ ಹೀಗೆಯೇ. ಅವಳ ಕೆನ್ನೆ ಯಾವಾಗಲೂ ಕೆಂಪಾಗಿತ್ತು. ಇಗರ್ಜಿಯ ಹೆಂಗಸರು "ಮಾಸ್ಟ್ರು ಹೆಂಡತಿಗೆ ಬೊಂಬಾಯಿ ಪೌಡರ್ ತರಿಸ್ತಾರೆ ಕಾಣ್ತದೆ" ಎಂದು ಚುಚ್ಚುತ್ತಿದ್ದರು. ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಒಂದು ಗಂಟೆ ಚಪ್ಪಟೆಯಾಗಿ ಮಲಗಬೇಕೆಂಬುದು ಇನ್ನೊಂದು ನಿಯಮ. ಅಮ್ಮ ಮಾತ್ರ ಗೋಡೆಗೊರಗಿ, ಕಾಲು ಚಾಚಿ, ಜಪಸರ ಹಿಡಿದು ಕೂರುತ್ತಿದ್ದಳು. ಮಲಗಿದರೆ ನೀರಿನಲ್ಲಿ ಮುಳುಗಿದ ಹಾಗಾಗುತ್ತದೆ ಎಂದು ಅವಳು ಹೇಳಿದ್ದರೆ ಬೈಗುಳ ಸಿಗುತ್ತಿತ್ತು. ಜಪಸರ ಹಿಡಿದದ್ದರಿಂದ ಹೊಗಳಿಕೆ ಸಿಕ್ಕಿತು. ಅವಳ ಭಕ್ತಿಯ ಸುದ್ದಿ ಇಗರ್ಜಿಯ ತನಕ ಹೋಯಿತು. ಪಾದ್ರಿಗಳು ಪ್ರಸಂಗದಲ್ಲಿ, ಹೆಸರು ಹೇಳದೆ, ನಿದ್ದೆ ಬಿಟ್ಟು ಪ್ರಾರ್ಥಿಸುವ ಒಬ್ಬ ತಾಯಿಯ ಮಾತು ತೆಗೆದರು. ಪಪ್ಪ ಬೆಂಚಿನಲ್ಲಿ ನೆಟ್ಟಗೆ ಕುಳಿತರು.

ಅಮ್ಮನ ತಂಗಿ ಸಿಸಿಲಿ ಮೌಶಿ ಕಾವೂರಿನಲ್ಲಿದ್ದಳು. ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಇಡೀ ದಿನ ಊರವರ ಮಾತು ಕೇಳಿ ಕೇಳಿ ಯಾರ ಮಾತಿಗೂ ಹೆದರದ ಹೆಂಗಸು. ನಮ್ಮ ಮನೆಯ ನಿಯಮವನ್ನು ಒಪ್ಪದೆ ಮುಂದಿನ ಬಾಗಿಲಿನಿಂದಲೇ ಬಂದು ಜಗಲಿಯಲ್ಲಿ ಕೂರುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಒಂದು ದಿನ ಅಮ್ಮ ಅವಳಿಗೆ ಕಾಫಿ ತಂದುಕೊಟ್ಟು, ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋಗಿ, ಸಕ್ಕರೆ ಹಾಕಲು ಮರೆತದ್ದು ನೆನಪಾಗಿ, ಸಕ್ಕರೆ ಡಬ್ಬಿ ಹಿಡಿದು ಪುನಃ ಜಗಲಿಗೆ ಬಂದಳು. ಬಂದವಳು ಕೆಮ್ಮಿದಳು. ಸೆರಗಿನಲ್ಲಿ ರಕ್ತದ ಗೆರೆ ಇತ್ತು. ಮೌಶಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕಾಫಿ ಕುಡಿದಳು. ಮರುವಾರ ಇಗರ್ಜಿಯ ನೊವೆನಾ ಪ್ರಾರ್ಥನೆಗೆಂದು ಹೇಳಿ ಅಕ್ಕನನ್ನು ಕರೆದುಕೊಂಡು ಹೋದಳು. ಹೋದದ್ದು ಒಬ್ಬ ಲೇಡಿ ಡಾಕ್ಟರ ಬಳಿ.

ಆ ಡಾಕ್ಟರಮ್ಮ ಹೇಳಿದ್ದನ್ನು ಮೌಶಿ ಆ ಸಂಜೆ ಜಗಲಿಯಲ್ಲಿ ನಿಂತೇ ಪಪ್ಪನಿಗೆ ಹೇಳಿದಳು. ಚಿಕ್ಕಂದಿನಲ್ಲಿ ಗಂಟುಗಂಟು ನೋವಿನ ಜ್ವರ ಬಂದಿತ್ತಲ್ಲ, ಅದು ಹೃದಯದ ಎಡಬದಿಯ ಕವಾಟವನ್ನು ಅಂಟಿಸಿಬಿಟ್ಟಿದೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ. ರಕ್ತ ಮುಂದೆ ಹೋಗಲಾಗದೆ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಉಬ್ಬಸ, ಕೆಮ್ಮು, ಕೆಂಪು ಕೆನ್ನೆ, ಎಲ್ಲ ಅದರದ್ದೇ. ಮದ್ರಾಸಿನ ಕಡೆ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಾರೆ. ಮಾಡಿಸದಿದ್ದರೆ ಹೆಚ್ಚು ಕಾಲ ಇಲ್ಲ.

ಪಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಆ ಡಾಕ್ಟರಿಗೆ ವಯಸ್ಸೆಷ್ಟು?"

"ವಯಸ್ಸು ಕೇಳಿ ಎಂತ ಮಾಡ್ತೀರಿ ಭಾವ? ಮದುವೆ ಮಾಡಿಸ್ಲಿಕ್ಕುಂಟಾ?"

ಪಪ್ಪ ಮರುದಿನ ಶಾಲೆಯ ಪ್ರಯೋಗಶಾಲೆಯಿಂದ ಸ್ಟೆತಸ್ಕೋಪ್ ತಂದರು. ಊಟದ ಮೇಜಿನ ಬಳಿ ಅಮ್ಮನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರು. ವಿಲ್ಲಿಗೂ ನನಗೂ ಎದುರು ನಿಂತು ನೋಡಬೇಕೆಂದು ಅಪ್ಪಣೆಯಾಯಿತು. ಗಡಿಯಾರ ನೋಡುತ್ತ, ಸೆರಗಿನ ಮೇಲಿಂದಲೇ ಆಲಿಸಿದರು. ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ಉತ್ತರಪತ್ರಿಕೆ ಕೊಟ್ಟು ಮಾಸ್ಟ್ರು ತಿದ್ದುವುದನ್ನು ಕಾಯುವ ಮಕ್ಕಳ ಮುಖ ಹಾಗಿರುತ್ತದೆ.

"ಲಬ್, ಡಬ್. ನಿಮಿಷಕ್ಕೆ ಎಪ್ಪತ್ತೆರಡು. ಪುಸ್ತಕದಲ್ಲಿ ಉಂಟಲ್ಲ, ಅದೇ ಎಪ್ಪತ್ತೆರಡು. ಎಂತದೂ ಇಲ್ಲ ಇವಳಿಗೆ."

ಮುಂದೆ ನಾನು ನರ್ಸ್ ಆದೆ. ಇಡೀ ಆಯುಷ್ಯ ಹೃದಯದ ವಾರ್ಡುಗಳಲ್ಲಿ ಕಳೆದೆ. ಅಂಟಿದ ಕವಾಟದ ಸದ್ದು ಬಹಳ ತಗ್ಗಿನದು, ದೂರದಲ್ಲಿ ಎತ್ತಿನಗಾಡಿ ಉರುಳಿದಂತೆ. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿ, ಸ್ಟೆತಸ್ಕೋಪನ್ನು ಚರ್ಮಕ್ಕೆ ಮೆಲ್ಲಗೆ ಮುಟ್ಟಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ ಕೇಳಬೇಕು. ಕಲಿತ ಕಿವಿಗೂ ಎಷ್ಟೋ ಸಲ ತಪ್ಪುತ್ತದೆ. ಆದ್ದರಿಂದ ಅದು ಪಪ್ಪನಿಗೆ ಕೇಳಲಿಲ್ಲವೆಂದು ನಾನು ದೂರುವುದಿಲ್ಲ. ಅವರು ವರ್ಷ ವರ್ಷವೂ ಕಲಿಸಿದ್ದು ಆರೋಗ್ಯವಂತ ಹೃದಯವನ್ನು. ಕೆಟ್ಟ ಹೃದಯ ಪಠ್ಯದಲ್ಲಿ ಇರಲಿಲ್ಲ. ಕಲಿಸಿದ್ದನ್ನೇ ಕೇಳಿಸಿಕೊಂಡರು. ನನ್ನ ದೂರು ಬೇರೆ. ಸ್ಟೆತಸ್ಕೋಪ್ ಬೇಕಾಗಿಯೇ ಇರಲಿಲ್ಲ. ಅವಳು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದುದನ್ನು ಕಾಣಲು ಕಣ್ಣು ಸಾಕಿತ್ತು. ಹೆಂಡತಿಯನ್ನು ಒಮ್ಮೆ ಕೇಳಿದ್ದರೂ ಸಾಕಿತ್ತು.

ಅದಾದ ಮೇಲೆ ಮನೆಯಲ್ಲಿ ಆ ಮಾತು ಎತ್ತುವಂತಿರಲಿಲ್ಲ. ಅಮ್ಮ ಎತ್ತಲಿಲ್ಲ. ಅವಳ ಕಾಲು ಬಾತುಕೊಳ್ಳತೊಡಗಿತು. ಅಕ್ಕಿ ರುಬ್ಬುವಾಗ ಎರಡು ಸುತ್ತಿಗೊಮ್ಮೆ ಕೈ ನಿಲ್ಲಿಸುತ್ತಿದ್ದಳು. ಮಾತಾಡುವಾಗಲೂ ಹಾಗೆ: "ಗ್ರೇಸಿ, ಆ" ಎಂದು ನಿಲ್ಲಿಸಿ, ಉಸಿರೆಳೆದು, "ಬಟ್ಟಲು ತಾ" ಎನ್ನುತ್ತಿದ್ದಳು. ಪಾಠ ಮಾತ್ರ ನಿಲ್ಲಲಿಲ್ಲ. ಸಂಜೆ ನಾನು ದ್ವಿದಳ ಕವಾಟದ ಹೆಸರು ಹೇಳುವಾಗ ಅಮ್ಮ ಪಟದ ಕೆಳಗೆ ಗೋಡೆಗೊರಗಿ ನಿಂತಿರುತ್ತಿದ್ದಳು. ನನ್ನ ಧ್ವನಿ ತಡವರಿಸಿದರೆ ಮೊದಲಿನಿಂದ ಹೇಳಬೇಕಿತ್ತು. ಮೊದಲಿನಿಂದ ಹೇಳಿದಷ್ಟು ಹೊತ್ತೂ ಅವಳು ನಿಂತಿರಬೇಕಿತ್ತು. ಹಾಗಾಗಿ ನಾನು ತಡವರಿಸದಿರುವುದನ್ನು ಕಲಿತೆ. ಮುಂದೆ ವಾರ್ಡಿನಲ್ಲಿ ನನ್ನ ಶಿಸ್ತನ್ನು ಹೊಗಳಿದವರು ಬಹಳ ಮಂದಿ. ಎಲ್ಲಿ ಕಲಿತೆ ಎಂದು ಕೇಳಿದವರಿಗೆ ನಾನು ಹೇಳಿಲ್ಲ.

ತಿಂಗಳಿಗೊಂದು ಆದಿತ್ಯವಾರ ನಮ್ಮಲ್ಲಿ ಹಂದಿಮಾಂಸ. ಪಪ್ಪ ಮಾಂಸದಂಗಡಿಯವನಿಗೆ ಹೇಳಿ ಇಡೀ ಹೃದಯವನ್ನು ಕತ್ತರಿಸದೆ ತರುತ್ತಿದ್ದರು. ಮನುಷ್ಯನ ಹೃದಯಕ್ಕೆ ಅತಿ ಹತ್ತಿರದ್ದು ಹಂದಿಯದೇ. ಪೂಜೆ ಮುಗಿಸಿ ಬಂದು, ಅಡುಗೆಮನೆಯ ಮರದ ಹಲಗೆಯ ಮೇಲೆ ಅದನ್ನಿಟ್ಟು, ಕ್ಷೌರದ ಬ್ಲೇಡಿನಿಂದ ಬಿಡಿಸಿ ತೋರಿಸುತ್ತಿದ್ದರು. ಎಡ ಹೃತ್ಕುಕ್ಷಿಯ ಗೋಡೆ ಎಷ್ಟು ದಪ್ಪ ನೋಡಿ; ಇಡೀ ದೇಹಕ್ಕೆ ತಳ್ಳಬೇಕಲ್ಲ. ಬಲದ್ದು ತೆಳು, ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಕವಾಟದ ಎಸಳುಗಳನ್ನು ಹಿಡಿದ ಬಿಳಿಯ ದಾರಗಳು ಇವು, ಬಾಗಿಲು ಹಿಂದಕ್ಕೆ ಮಗುಚದ ಹಾಗೆ ಎಳೆದು ಹಿಡಿಯುತ್ತವೆ. ಪಾಠವಾದ ಮೇಲೆ ಅಮ್ಮ ಅದನ್ನು ಸಣ್ಣಗೆ ಹೆಚ್ಚಿ, ಪಿತ್ತಜನಕಾಂಗ, ಕರುಳಿನ ಜೊತೆ ಸೇರಿಸಿ, ಖಾರ ಹುಳಿ ಹಾಕಿ ಕಾಳಿಜ್ ಆಂಕಿತಿ ಎಂಬ ಅಡುಗೆ ಮಾಡುತ್ತಿದ್ದಳು. ಪಾಠ ಮುಗಿಯುವ ತನಕ ಒಲೆಯ ಬಳಿ ಕಾಯುವುದು ಅವಳ ಕೆಲಸ.

ಅಂಥ ಒಂದು ಆದಿತ್ಯವಾರ ಮೌಶಿ ಬಂದಳು. ಮೊದಲ ಬಾರಿಗೆ ಹಿಂದಿನ ಬಾಗಿಲಿನಿಂದ ಬಂದಳು. ಕಾಲು ತೊಳೆಯದೆ ನೇರ ಅಡುಗೆಮನೆಗೆ. ಪಪ್ಪ ದ್ವಿದಳ ಕವಾಟದ ಎಸಳನ್ನು ಬ್ಲೇಡಿನ ತುದಿಯಿಂದ ಎತ್ತಿ ಹಿಡಿದಿದ್ದರು.

"ಬಿಷಪರ ಟೊಪ್ಪಿಯನ್ನು ತಲೆಕೆಳಗೆ ಮಾಡಿದ ಹಾಗೆ ಉಂಟಲ್ಲ? ಅದಕ್ಕೇ ಇಂಗ್ಲಿಷಿನಲ್ಲಿ ಮೈಟ್ರಲ್ ಅಂತ ಹೆಸರು. ವಿಲ್ಲಿ, ಬೆರಳು ಹಾಕು. ಎರಡು ಬೆರಳು ಹೋಗ್ತದೆ."

"ಹಂದಿಯದ್ದರಲ್ಲಿ ಎರಡು ಬೆರಳು ಹೋಗ್ತದೆ ಭಾವ," ಎಂದಳು ಮೌಶಿ. "ನನ್ನ ಅಕ್ಕನದ್ದರಲ್ಲಿ ಪೆನ್ಸಿಲ್ ಸಹ ಹೋಗುದಿಲ್ಲವಂತೆ. ಹಂದಿ ಪುಣ್ಯ ಮಾಡಿದೆ."

"ಮಕ್ಕಳ ಎದುರು ಎಂತ ಮಾತಾಡ್ತಿ ಸಿಸಿಲಿ?"

"ಮಕ್ಕಳ ಎದುರೇ ಅಲ್ವಾ ನೀವು ಲೆಕ್ಕ ಹಾಕಿದ್ದು, ಎಪ್ಪತ್ತೆರಡು ಅಂತ? ಆಸ್ಪತ್ರೆಯಲ್ಲಿ ಬೆಡ್ ಸಿಕ್ಕಿದೆ. ಟಿಕೆಟ್ ಆಗಿದೆ. ಹಿಂದೆ ಓಣಿಯಲ್ಲಿ ಟ್ಯಾಕ್ಸಿ ನಿಂತಿದೆ. ಅಕ್ಕ, ಹೊರಡು."

ಅಮ್ಮ ಕದಲಲಿಲ್ಲ. ಪಪ್ಪನ ಕಡೆ ನೋಡಿದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಪಪ್ಪ ಬ್ಲೇಡನ್ನು ಹಲಗೆಯ ಅಂಚಿಗೆ ಒರೆಸಿ, ಕಾಗದದಲ್ಲಿ ಸುತ್ತಿ ಇಟ್ಟರು. ಕೈ ತೊಳೆದರು.

"ನಾನು ತಡೆಯುದಿಲ್ಲ. ಹೋಗುದಾದರೆ ಹೋಗಲಿ. ನನಗೆ ಪರೀಕ್ಷೆ ಉಂಟು, ನಾನು ಬರುದಿಲ್ಲ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಬಟ್ಟೆಯ ಕೈಚೀಲ ಅಕ್ಕಿ ಡಬ್ಬಿಯ ಹಿಂದೆ ಮೊದಲೇ ತಯಾರಾಗಿ ಇತ್ತೆಂದು ನನಗೆ ಆಗಲೇ ಗೊತ್ತಾದದ್ದು. ಅದನ್ನು ತೆಗೆದುಕೊಂಡು ಹಿಂದಿನ ಬಾಗಿಲಿನ ಕಡೆಗೆ ಹೊರಟಳು. ಬಾಗಿಲಾಚೆ ಬಾವಿ, ಬಾವಿಯಾಚೆ ಓಣಿ, ಓಣಿಯಲ್ಲಿ ಟ್ಯಾಕ್ಸಿ. ಆಗ ಪಪ್ಪ ಹೇಳಿದರು, ಗಟ್ಟಿಯಾಗಿ ಅಲ್ಲ, ತರಗತಿಯಲ್ಲಿ ತಪ್ಪು ತಿದ್ದುವ ಧ್ವನಿಯಲ್ಲಿ:

"ಆ ದಾರಿಯಲ್ಲ, ಎಮಿಲಿ. ಅದು ಒಳಗೆ ಬರುವ ಬಾಗಿಲು."

ಅಮ್ಮ ನಿಂತಳು. ಮೌಶಿ ಅವಳ ಕೈ ಹಿಡಿದೆಳೆದಳು. ಅಮ್ಮ ಕೈ ಬಿಡಿಸಿಕೊಂಡು ತಿರುಗಿದಳು. ಊಟದ ಕೋಣೆಯ ಬಾಗಿಲು ತಳ್ಳಿದಳು, ಅದು ಹಿಂದೆ ಮುಚ್ಚಿಕೊಂಡಿತು. ಮಲಗುವ ಕೋಣೆಯ ಬಾಗಿಲು, ಚಾವಡಿಯ ಬಾಗಿಲು. ಸ್ಪ್ರಿಂಗುಗಳ ಸದ್ದು ಒಂದಾದ ಮೇಲೊಂದು ಅಡುಗೆಮನೆಗೆ ಕೇಳಿತು. ನಾನು ಹಿಂಬಾಗಿಲಿನಿಂದ ಹೊರಗೋಡಿ ಮೆಟ್ಟಿಲುಗಳ ತಲೆಗೆ ಹೋಗಿ ನಿಂತೆ; ನಿಯಮ ಮುರಿದದ್ದಕ್ಕೆ ಆ ದಿನ ಪಪ್ಪ ಏನೂ ಹೇಳಲಿಲ್ಲ. ಅಮ್ಮ ಅಂಗಳದಿಂದ ಹತ್ತಿ ಬರುತ್ತಿದ್ದಳು. ಒಂದು ಮೆಟ್ಟಿಲು ಹತ್ತಿ ನಿಲ್ಲುವಳು, ಇನ್ನೊಂದು ಹತ್ತಿ ನಿಲ್ಲುವಳು. ತುಟಿ ನೀಲಿಗಟ್ಟಿತ್ತು. ಮೌಶಿ ಕೆಳಗಿಳಿದು ಅವಳ ಸೊಂಟಕ್ಕೆ ಕೈಕೊಟ್ಟಳು. ಬೈಯುತ್ತಿದ್ದಳು, ಯಾರನ್ನೆಂದು ಹೇಳದೆ. ಅಮ್ಮ ನನ್ನ ಪಕ್ಕದಿಂದ ಹಾದುಹೋಗುವಾಗ ಎಸರು ಇಳಿಸಲು ಹೇಳಿದಳು. ಟ್ಯಾಕ್ಸಿ ಹೋಯಿತು. ನಾವು ಎಸರು ಇಳಿಸಿದೆವು. ಹಲಗೆಯ ಮೇಲಿದ್ದುದನ್ನು ಹೆಚ್ಚಿ ಪಪ್ಪನೇ ಅಡುಗೆ ಮಾಡಿದರು. ಉಪ್ಪು ಸರಿಯಾಗಿತ್ತು.

ಆಪರೇಷನ್ ಹೇಗೆ ಮಾಡಿದರೆಂದು ಮೌಶಿ ಆಮೇಲೆ ನಮಗೆ ಹೇಳಿದಳು. ಎಡಬದಿಯ ಪಕ್ಕೆಲುಬುಗಳ ನಡುವೆ ಕೊಯ್ದು, ಹೃದಯ ಬಡಿಯುತ್ತಿದ್ದ ಹಾಗೆಯೇ, ಹೃತ್ಕರ್ಣದ ಮೂಲೆಯಲ್ಲಿ ಸಣ್ಣ ತೂತು ಮಾಡಿ, ಡಾಕ್ಟರು ಅದರೊಳಗೆ ತಮ್ಮ ಬೆರಳು ತೂರಿಸಿ, ಕಣ್ಣಿಗೆ ಕಾಣದ್ದನ್ನು ಬೆರಳಿನಿಂದಲೇ ತಡವಿ, ಅಂಟಿದ ಎಸಳುಗಳನ್ನು ಬಿಡಿಸಿದರಂತೆ. ಅಷ್ಟೇ. ಈಗ ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಬಿಡಿಸುತ್ತಾರೆ, ಮೂರನೆಯ ದಿನ ಮನೆಗೆ ಕಳಿಸುತ್ತಾರೆ. ಅಮ್ಮ ಬಂದದ್ದು ಮಳೆ ಹಿಡಿದ ಮೇಲೆ. ಸ್ತನದ ಕೆಳಗಿನಿಂದ ಬೆನ್ನಿನ ತನಕ ಗಾಯದ ಗೆರೆ. ಕೆನ್ನೆಯ ಕೆಂಪು ಹೋಗಿತ್ತು. ನೋಡಿದವರು "ಪಾಪ, ಬಾಡಿಹೋಗಿದ್ದಾಳೆ" ಎಂದರು. ಅವಳು ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದಳು. ಪಪ್ಪ ಅದನ್ನು ಅಂಗಳದಿಂದ ನೋಡಿದರು, ಬಹಳ ಹೊತ್ತು ನೋಡಿದರು. ಒಳಗೆ ಬಂದು ಕ್ಷಮೆ ಕೇಳುತ್ತಾರೆಂದು ನಾನು ಕಾದೆ. ಮಕ್ಕಳು ಇಂಥದ್ದಕ್ಕೆಲ್ಲ ಕಾಯುತ್ತಾರೆ.

ಶನಿವಾರ ಅವರು ತಮ್ಮ ತರಗತಿಯನ್ನೇ ಮನೆಗೆ ಕರೆತಂದರು. ಹುಡುಗರು ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಸಾಲಾಗಿ ಚಾವಡಿಗೆ ಬಂದು ನೆಲದಲ್ಲಿ ಕುಳಿತರು. ಪಪ್ಪ ಶಾಲೆಯಿಂದ ತರಿಸಿದ್ದ ಕರಿಹಲಗೆಯ ಪಕ್ಕ ಅಮ್ಮನನ್ನು ನಿಲ್ಲಿಸಿದರು. ಚಿತ್ರ ಬರೆದು, ಬೆತ್ತದ ತುದಿಯನ್ನು ಅವಳ ಸೆರಗಿನ ಮೇಲೆ, ಗಾಯ ಇದ್ದ ಕಡೆ, ಮುಟ್ಟಿಸಿಯೂ ಮುಟ್ಟಿಸದ ಹಾಗೆ ಹಿಡಿದು, ಕವಾಟ ಅಂಟುವುದು ಹೇಗೆ, ಬಿಡಿಸುವುದು ಹೇಗೆ ಎಂದು ವಿವರಿಸಿದರು. ಚೆನ್ನಾಗಿ ವಿವರಿಸಿದರು. ಈಗ ಅದೂ ಅವರ ಪಾಠವಾಗಿತ್ತು. ಒಬ್ಬ ಹುಡುಗ ಕೈ ಎತ್ತಿದ.

"ಸರ್, ರೋಗ ಉಂಟಂತ ಮೊದಲು ಹೇಗೆ ಗೊತ್ತಾಯಿತು ಸರ್?"

"ನಾನೇ ಹಿಡಿದದ್ದು. ಸ್ಟೆತಸ್ಕೋಪ್ ಇಟ್ಟು ನೋಡಿದೆ. ಅಲ್ವಾ ಎಮಿಲಿ?"

ಅಮ್ಮ ಹುಡುಗರ ಕಡೆ ನೋಡಿ ನಕ್ಕಳು.

"ಹೌದು ಮಕ್ಕಳೇ. ಮಾಸ್ಟ್ರೇ ಹಿಡಿದದ್ದು."

ಹುಡುಗರು ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಅವಳನ್ನು ಕೇಳಿದೆ. ಕೇಳಿದ್ದಲ್ಲ, ಅವಳ ಮೇಲೆ ಹರಿಹಾಯ್ದೆ.

"ಯಾಕೆ ಸುಳ್ಳು ಹೇಳಿದ್ದು ನೀನು? ಅವರು ಎಂತ ಹಿಡಿದದ್ದು? ಮೌಶಿ ಇಲ್ಲದಿದ್ದರೆ ನೀನು ಸಾಯ್ತಿದ್ದಿ."

ಅಮ್ಮ ಲೋಟಗಳನ್ನು ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಜೀವ ಇರುವ ತನಕ ತಿಂಗಳಿಗೊಂದು ಪೆನಿಸಿಲಿನ್ ಇಂಜೆಕ್ಷನ್ ಆಗ್ಬೇಕು ಮಾರಾಯ್ತಿ, ಇಲ್ಲದಿದ್ದರೆ ಆ ಜ್ವರ ಪುನಃ ಬಂದು ಬಿಡಿಸಿದ್ದೆಲ್ಲ ಅಂಟ್ತದೆ, ಇನ್ನು ರೋಗ ಹಿಡಿದದ್ದು ತಾನೇ ಅಂತ ಇದ್ದರೆ ಅವರೇ ಕೈಹಿಡಿದು ಕರಕೊಂಡು ಹೋಗ್ತಾರೆ, ಒಂದು ತಿಂಗಳೂ ತಪ್ಪಿಸುದಿಲ್ಲ, ನೋಡ್ತಾ ಇರು."

ಒಂದು ತಿಂಗಳೂ ತಪ್ಪಿಸಲಿಲ್ಲ. ಅಮ್ಮ ಹೇಳಿದ್ದೇ ಸರಿಯಾಯಿತು. ಆದ್ದರಿಂದಲೇ ಅವಳು ನಾವು ದೊಡ್ಡವರಾಗುವ ತನಕ ಬದುಕಿದಳು. ಅದು ನನಗೆ ಆಗ ಗೊತ್ತಿರಲಿಲ್ಲ. ಆಗ ನಾನು ಗಮನಿಸಿದ್ದು ಒಂದೇ, ಅಷ್ಟು ಉದ್ದದ ಮಾತನ್ನು ಅವಳು ನಡುವೆ ಎಲ್ಲಿಯೂ ಉಸಿರಿಗೆ ನಿಲ್ಲದೆ ಹೇಳಿದ್ದಳು. ನಾನು ಹುಟ್ಟಿದ ಮೇಲೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ನನಗೆ ಸಂತೋಷವಾಗಬೇಕಿತ್ತು. ಅವಳ ಕೈಯಿಂದ ಲೋಟಗಳನ್ನು ತೆಗೆದುಕೊಂಡು ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿಟ್ಟೆ, ಅವಳೊಡನೆ ಆ ದಿನ ಮತ್ತೆ ಮಾತಾಡಲಿಲ್ಲ.